ಪರದೆಯ ಮೇಲೆ ‘ತಲುಪಿದೆ’, ಮನೆಗೆ ಬಂದಿಲ್ಲ: ಆನ್‌ಲೈನ್ ಪಾರ್ಸೆಲ್ ಕಾಣೆಯಾದರೆ ಏನು ಮಾಡಬೇಕು?

‘ಹಣ ಕಟ್ಟಿ ಹನ್ನೆರಡು ದಿನವಾಯಿತು. ಮೊಬೈಲ್‌ನಲ್ಲಿ ತಲುಪಿಸಲಾಗಿದೆ ಎಂದು ತೋರಿಸುತ್ತಿದೆ. ಮನೆಗೆ ಏನೂ ಬಂದಿಲ್ಲ. ಕಂಪನಿಯವರು ಕೊರಿಯರ್‌ನವರನ್ನು ಕೇಳಿ ಎನ್ನುತ್ತಾರೆ, ಕೊರಿಯರ್‌ನವರು ಕಂಪನಿಯವರನ್ನು ಕೇಳಿ ಎನ್ನುತ್ತಾರೆ. ನಾನು ಯಾರನ್ನು ಕೇಳಲಿ?’

ಕಾರವಾರದಿಂದ, ಕುಮಟಾದಿಂದ, ಶಿರಸಿಯ ಸುತ್ತಲಿನ ಹಳ್ಳಿಗಳಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಬ್ಬರಿಗೆ ಮಗಳ ಕಾಲೇಜಿಗೆಂದು ತರಿಸಿದ ಲ್ಯಾಪ್‌ಟಾಪ್, ಇನ್ನೊಬ್ಬರಿಗೆ ಅಡಿಕೆಯ ಕೊನೆಕೊಯ್ಲಿನೊಳಗೆ ಬೇಕಾಗಿದ್ದ ದೋಟಿ (ಕೊನೆ ಇಳಿಸುವ ಉದ್ದ ಕೋಲು), ಮತ್ತೊಬ್ಬರಿಗೆ ದೋಣಿಗೆ ಕೂರಿಸಬೇಕಿದ್ದ ಜಿಪಿಎಸ್ ಉಪಕರಣ. ವಸ್ತು ಬೇರೆಬೇರೆಯಾದರೂ ಸಂಕಟ ಒಂದೇ. ಹತ್ತಾರು ಸಲ ಫೋನ್ ಮಾಡಿ, ಪ್ರತಿ ಸಲ ಬೇರೆ ಬೇರೆ ದನಿಗೆ ಅದೇ ಕಥೆ ಹೇಳಿ, ಕೊನೆಗೆ ‘ಹೋದರೆ ಹೋಯಿತು’ ಎಂದು ಕೈಬಿಟ್ಟವರೇ ಹೆಚ್ಚು. ಕೈಬಿಡಬೇಕಾಗಿಲ್ಲ. ಕ್ರಮವಾಗಿ ಹೋದರೆ ಈ ಹಣ ಮರಳಿ ಪಡೆಯುವ ದಾರಿ ಇದೆ, ಅದಕ್ಕಾಗಿ ಬೆಂಗಳೂರಿಗೋ ದೆಹಲಿಗೋ ಹೋಗಬೇಕಾಗಿಯೂ ಇಲ್ಲ.

ಹೊಣೆ ಯಾರದು?

ನೀವು ಯಾರಿಗೆ ಹಣ ಕೊಟ್ಟಿರೋ ಅವರನ್ನೇ ಕೇಳಬೇಕು. ಕೊರಿಯರ್ ಸಂಸ್ಥೆಯನ್ನು ಆರಿಸಿದವರು ನೀವಲ್ಲ, ಅದರೊಂದಿಗೆ ಒಪ್ಪಂದ ಮಾಡಿಕೊಂಡವರೂ ನೀವಲ್ಲ. ಆದ್ದರಿಂದ ದಾರಿಯಲ್ಲಿ ಕಳೆದುಹೋದ ಪಾರ್ಸೆಲನ್ನು ಹುಡುಕುವ ಕೆಲಸ ನಿಮ್ಮದಲ್ಲ.

ಒಂದು ಆನ್‌ಲೈನ್ ಖರೀದಿಯಲ್ಲಿ ಸಾಮಾನ್ಯವಾಗಿ ಮೂವರು ಇರುತ್ತಾರೆ. ನೀವು ಆರ್ಡರ್ ಮಾಡುವ ಆ್ಯಪ್ ಅಥವಾ ಜಾಲತಾಣ ಮೊದಲನೆಯದು. ಕಾನೂನು ಇದನ್ನು ಇ-ವಾಣಿಜ್ಯ ಸಂಸ್ಥೆ ಎನ್ನುತ್ತದೆ. ಅದರ ಮೂಲಕ ವಸ್ತು ಮಾರುವವನು ಎರಡನೆಯವನು. ಅವನ ಹೆಸರು ಬಿಲ್ಲಿನ ಮೇಲೆ ಇರುತ್ತದೆ, ನಾವು ಓದುವುದಿಲ್ಲ, ಅಷ್ಟೇ. ಮೂರನೆಯದು ಸಾಗಣೆ ಸಂಸ್ಥೆ. ದೂರು ಕೊಡುವಾಗ ಮೊದಲಿನ ಇಬ್ಬರನ್ನೂ ಹಿಡಿಯಬೇಕು. ಮೂರನೆಯವರನ್ನು ಹೊಣೆಗಾರರನ್ನಾಗಿ ಮಾಡುವುದೋ ಬಿಡುವುದೋ ಅವರವರೊಳಗಿನ ಲೆಕ್ಕ.

ಇದಕ್ಕೆ ಆಧಾರ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಅದು 2020ರ ಜುಲೈ 20ರಂದು ಜಾರಿಗೆ ಬಂತು. ಅದರ ಬೆನ್ನಿಗೇ ಜುಲೈ 23ರಂದು ಇ-ವಾಣಿಜ್ಯ ನಿಯಮಗಳು ಪ್ರಕಟವಾದವು. ಆನ್‌ಲೈನ್‌ನಲ್ಲಿ ಕೊಂಡವರೂ ಗ್ರಾಹಕರೇ ಎಂದು ಕಾಯ್ದೆ ನೇರವಾಗಿ ಹೇಳುತ್ತದೆ.

‘ನಾವು ಕೊರಿಯರ್‌ಗೆ ಒಪ್ಪಿಸಿದ್ದೇವೆ, ಅಲ್ಲಿಗೆ ನಮ್ಮ ಹೊಣೆ ಮುಗಿಯಿತು’ ಎಂಬ ಉತ್ತರ ನಿಮಗೆ ಬರಬಹುದು. ಈ ಮಾತು ಪೂರ್ತಿ ಗಾಳಿಯಿಂದ ಬಂದದ್ದಲ್ಲ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮು, ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಂಡವನಿಗೆ ಒಪ್ಪಿಸಿದಂತೆ ಎನ್ನುತ್ತದೆ. ‘ಮೇಲ್ನೋಟಕ್ಕೆ’ ಎಂಬ ಪದವನ್ನು ಗಮನಿಸಿ. ಮಾರುವವನು ಸಾಗಣೆದಾರನ ಜೊತೆ ಸರಿಯಾದ ಒಪ್ಪಂದ ಮಾಡಿಕೊಳ್ಳದೆ ಸರಕು ಕಳೆದುಹೋದರೆ ಆ ಒಪ್ಪಿಸುವಿಕೆಯನ್ನು ಕೊಂಡವನು ಒಪ್ಪಬೇಕಾಗಿಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಇನ್ನು ನಿಮ್ಮ ಆರ್ಡರ್‌ನಲ್ಲಿ ‘ಮನೆ ಬಾಗಿಲಿಗೆ ತಲುಪಿಸುತ್ತೇವೆ’ ಎಂದು ದಿನಾಂಕ, ವಿಳಾಸ ಸಮೇತ ಅವರೇ ಮಾತು ಕೊಟ್ಟಿರುತ್ತಾರೆ. ಆ ಪುಟವನ್ನು ಉಳಿಸಿಕೊಂಡಿದ್ದರೆ ಈ ವಾದಕ್ಕೆ ಅದೇ ಉತ್ತರ.

ನೀವು ಗ್ರಾಹಕರೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಅಂಗಡಿಯಲ್ಲಿಟ್ಟು ಮಾರುವುದಕ್ಕೆಂದು ಇಪ್ಪತ್ತು ಮೊಬೈಲ್ ತರಿಸಿದವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಕೊಂಡ ವಸ್ತುವಿಗೆ ಈ ತಡೆ ಇಲ್ಲ. ಬೈತಖೋಲದ ಮೀನುಗಾರ ತನ್ನ ದೋಣಿಗೆಂದು ತರಿಸಿದ ಜಿಪಿಎಸ್, ಶಿರಸಿಯ ದರ್ಜಿ ತಾನೇ ಹೊಲಿಯಲು ತರಿಸಿದ ಯಂತ್ರ, ಇವೆಲ್ಲ ಕಾಯ್ದೆಯ ಒಳಗೇ ಬರುತ್ತವೆ. ದೂರಿನಲ್ಲಿ ‘ಸ್ವಂತ ಉದ್ಯೋಗಕ್ಕಾಗಿ, ನಾನೇ ಬಳಸಲು’ ಎಂದು ಒಂದು ಸಾಲು ಬರೆಯಿರಿ.

ಹಂತ 1: ಏನಾಗಿದೆ ಎಂದು ಖಚಿತ ಮಾಡಿಕೊಳ್ಳಿ (ಮೊದಲ ದಿನ)

‘ಪಾರ್ಸೆಲ್ ಬಂದಿಲ್ಲ’ ಎನ್ನುವುದರಲ್ಲಿ ನಾಲ್ಕು ಬಗೆ ಇದೆ. ಯಾವುದೆಂದು ತಿಳಿಯದೆ ದೂರು ಕೊಟ್ಟರೆ ತಪ್ಪು ಪೆಟ್ಟಿಗೆಯಲ್ಲಿ ದೂರು ಬಿದ್ದು ಎರಡು ವಾರ ವ್ಯರ್ಥವಾಗುತ್ತದೆ.

ಪಾರ್ಸೆಲ್ ಹುಬ್ಬಳ್ಳಿಯಲ್ಲೋ ಬೇರೆಲ್ಲೋ ನಿಂತು ಮುಂದೆ ಸಾಗದಿರುವುದು ಒಂದು. ‘ತಲುಪಿಸಲಾಗಿದೆ’ ಎಂದು ತೋರಿಸಿ ನಿಮಗೆ ಸಿಗದಿರುವುದು ಎರಡನೆಯದು, ಇದೇ ಹೆಚ್ಚು ತೊಡಕಿನದು. ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ’ ಅಥವಾ ‘ಗ್ರಾಹಕರು ನಿರಾಕರಿಸಿದರು’ ಎಂದು ಬರೆದು ಹಿಂದಕ್ಕೆ ಕಳಿಸಿರುವುದು ಮೂರನೆಯದು. ಪರದೆಯ ಮೇಲೆ ‘ಆರ್‌ಟಿಒ’ ಎಂದು ಕಂಡರೆ ಅದು ಸಾರಿಗೆ ಕಚೇರಿಯಲ್ಲ, ಕಳಿಸಿದವರಿಗೇ ಮರಳಿ ಹೋಗುತ್ತಿದೆ ಎಂದರ್ಥ. ಪೆಟ್ಟಿಗೆ ಬಂದು ಒಳಗೆ ವಸ್ತು ಇಲ್ಲದಿರುವುದು ಅಥವಾ ಸಾಬೂನೋ ಕಲ್ಲೋ ಇರುವುದು ನಾಲ್ಕನೆಯದು.

ದೂರು ಕೊಡುವ ಮೊದಲು ನಿಮ್ಮ ವಿಳಾಸವನ್ನು ಒಮ್ಮೆ ನೋಡಿ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಸಿದ್ದಾಪುರ ನಮ್ಮಲ್ಲೂ ಇದೆ, ಕೊಡಗಿನಲ್ಲೂ ಇದೆ, ಕುಂದಾಪುರದ ಕಡೆಯೂ ಇದೆ. ಶಿರೂರು ಅಂಕೋಲಾದಲ್ಲೂ ಇದೆ, ಬೈಂದೂರಿನ ಬಳಿಯೂ ಇದೆ. ಪಿನ್ ಕೋಡ್‌ನ ಒಂದು ಅಂಕಿ ತಪ್ಪಿದರೆ ಪಾರ್ಸೆಲ್ ಇನ್ನೊಂದು ಜಿಲ್ಲೆಯ ಚೀಲಕ್ಕೆ ಬೀಳುತ್ತದೆ. ವಿಳಾಸದಲ್ಲಿ ತಪ್ಪು ನಿಮ್ಮದೇ ಆಗಿದ್ದರೆ ಅದನ್ನು ಮುಚ್ಚಿಡಬೇಡಿ. ತಕ್ಷಣ ತಿಳಿಸಿದರೆ ಪಾರ್ಸೆಲ್ ತಿರುಗಿಸುವುದು ಸಾಧ್ಯ, ಆಮೇಲೆ ಬಯಲಾದರೆ ನಿಮ್ಮ ಇಡೀ ದೂರಿನ ನಂಬಿಕೆಯೇ ಹೋಗುತ್ತದೆ.

ಮನೆಯವರನ್ನು, ಪಕ್ಕದ ಮನೆಯವರನ್ನು, ರಸ್ತೆ ಬದಿಯ ಅಂಗಡಿಯವರನ್ನು ಅದೇ ದಿನ ಕೇಳಿ. ಡೆಲಿವರಿ ಹುಡುಗನಿಗೂ ಒಂದು ಫೋನ್ ಮಾಡಿ, ಆದರೆ ಅವನ ಮೇಲೆ ಕೂಗಾಡಬೇಡಿ. ಮಳೆಯಲ್ಲಿ ಬೈಕ್ ಮೇಲೆ ಮೂಟೆ ಹೊತ್ತು ಘಟ್ಟದ ತಿರುವು ಹತ್ತಿ ಬರುವವನು ಬಹಳ ಸಲ ನಮ್ಮೂರಿನ ಹುಡುಗನೇ. ಆ ದಿನದ ಲೆಕ್ಕ ಮುಗಿಸಲೇಬೇಕೆಂಬ ಒತ್ತಡಕ್ಕೆ ‘ತಲುಪಿದೆ’ ಎಂದು ಒತ್ತಿ ಮರುದಿನ ತಂದುಕೊಡುವುದೂ ಉಂಟು. ಹಾಗಾಗಿ ಒಂದು ದಿನ ಕಾಯುವುದರಲ್ಲಿ ತಪ್ಪಿಲ್ಲ. ಕಾಯುವ ಮೊದಲು ಹಂತ 3ರ ದೂರು ಮಾತ್ರ ಹೋಗಿರಲಿ. ‘ತಲುಪಿಲ್ಲ’ ಎಂದು ತಿಳಿಸಲು ಕೆಲವು ತಾಣಗಳು ಕೆಲವೇ ದಿನಗಳ ಗಡುವು ಇಡುತ್ತವೆ. ‘ನಾಳೆ ಕೊಡುತ್ತೇನೆ ಅಕ್ಕಾ’ ಎಂಬ ಮಾತನ್ನು ನಂಬಿ ವಾರಗಟ್ಟಲೆ ಕಾದವರು ಆ ಗಡುವು ಕಳೆದುಕೊಂಡು ಬಂದದ್ದನ್ನು ನೋಡಿ ನನಗೆ ಬೇಸರವಾಗಿದೆ.

ಒಟಿಪಿ ಕೊಟ್ಟು ಅಂಗಡಿಯಲ್ಲಿ ಇಡಿಸುವ ರೂಢಿ

ಇದು ಹಂತವಲ್ಲ, ಎಚ್ಚರಿಕೆ. ನಮ್ಮಲ್ಲಿ ಹಕ್ಕು ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಟಿಪಿ ಎಂದರೆ ಒಮ್ಮೆ ಮಾತ್ರ ಬಳಸಲು ನಿಮ್ಮ ಮೊಬೈಲಿಗೆ ಬರುವ ಗುಪ್ತಸಂಖ್ಯೆ. ಡೆಲಿವರಿಗೆ ಬರುವ ಒಟಿಪಿ ನಿಮ್ಮ ಸಹಿಗೆ ಸಮ. ಅದನ್ನು ಹೇಳಿದ ಕ್ಷಣವೇ ‘ವಸ್ತು ನನ್ನ ಕೈಸೇರಿತು’ ಎಂದು ನೀವು ಬರೆದುಕೊಟ್ಟಂತೆ.

ತೋಟದ ಮನೆಗೆ ಮುಖ್ಯ ರಸ್ತೆಯಿಂದ ಎರಡು ಕಿಲೋಮೀಟರ್ ಕಚ್ಚಾ ದಾರಿ. ಮಳೆಗಾಲದಲ್ಲಿ ಬೈಕ್ ಇಳಿಯುವುದಿಲ್ಲ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಡೆಲಿವರಿ ಹುಡುಗ ರಸ್ತೆಯಿಂದ ಫೋನ್ ಮಾಡಿ ‘ಒಟಿಪಿ ಹೇಳಿ, ಅಂಗಡಿಯಲ್ಲಿ ಇಟ್ಟು ಹೋಗುತ್ತೇನೆ’ ಎನ್ನುತ್ತಾನೆ. ನಾವು ಹೇಳುತ್ತೇವೆ. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಪಾರ್ಸೆಲ್ ಅಂಗಡಿಯಲ್ಲೇ ಇರುತ್ತದೆ. ಇಲ್ಲದಿರುವ ಆ ಒಂದು ಸಲ, ಕಂಪನಿಯ ಕೈಯಲ್ಲಿ ನಿಮ್ಮದೇ ಒಟಿಪಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ.

ಈ ರೂಢಿಯನ್ನು ಪೂರ್ತಿ ಬಿಡಿ ಎಂದು ಹೇಳುವುದು ನಮ್ಮ ಹಳ್ಳಿಗಳ ಮಟ್ಟಿಗೆ ಆಗುವ ಮಾತಲ್ಲ. ಆದ್ದರಿಂದ ಕ್ರಮ ಬದಲಿಸಿ. ಪಾರ್ಸೆಲ್ ಮೊದಲು ಅಂಗಡಿಯವರ ಕೈಗೆ ಹೋಗಲಿ. ಅವರು ಅದರ ಮೇಲಿನ ಚೀಟಿಯ ಚಿತ್ರ ತೆಗೆದು ನಿಮಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ ಅಥವಾ ಫೋನ್‌ನಲ್ಲಿ ‘ಬಂತು’ ಎನ್ನಲಿ. ಒಟಿಪಿ ಹೇಳುವುದು ಅದರ ನಂತರ. ದುಬಾರಿ ವಸ್ತುವಾದರೆ ಒಂದು ದಿನ ತಡವಾದರೂ ಚಿಂತೆಯಿಲ್ಲ, ನೀವೇ ರಸ್ತೆಗೆ ಬಂದು ತೆಗೆದುಕೊಳ್ಳಿ.

ಒಟಿಪಿ ಈಗಾಗಲೇ ಕೊಟ್ಟುಬಿಟ್ಟಿದ್ದೀರಾ? ಆಗಲೂ ಹಕ್ಕು ಮುಗಿದಿಲ್ಲ. ಯಾರು, ಯಾವ ಸಂಖ್ಯೆಯಿಂದ, ಎಷ್ಟು ಗಂಟೆಗೆ ಕೇಳಿದರು, ಎಲ್ಲಿ ಇಡುತ್ತೇನೆ ಎಂದರು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ. ಕರೆಪಟ್ಟಿಯ ಚಿತ್ರ ತೆಗೆದಿಡಿ. ಅಂಗಡಿಯವರು ‘ನನಗೆ ಕೊಟ್ಟಿಲ್ಲ’ ಎಂದರೆ ಅದನ್ನು ಅವರ ಕೈಯಲ್ಲಿ ಬರೆಸಿಕೊಳ್ಳಿ. ‘ಒಟಿಪಿ ಕೊಟ್ಟೇ ಇಲ್ಲ’ ಎಂದು ಮಾತ್ರ ಸುಳ್ಳು ಬರೆಯಬೇಡಿ. ಕಂಪನಿಯ ಕಂಪ್ಯೂಟರ್‌ನಲ್ಲಿ ಅದರ ಗಂಟೆ, ನಿಮಿಷ ದಾಖಲಾಗಿರುತ್ತದೆ.

ಹಂತ 2: ದಾಖಲೆಗಳನ್ನು ಒಂದೆಡೆ ಕೂಡಿಸಿ

ಮುಂದೆ ಎಲ್ಲಿಗೆ ಹೋದರೂ ಕೇಳುವುದು ಇವನ್ನೇ.

– ಆರ್ಡರ್ ಸಂಖ್ಯೆ, ವಸ್ತುವಿನ ವಿವರ, ತಲುಪಿಸುವ ದಿನಾಂಕ ಇರುವ ಪುಟದ ಚಿತ್ರ.
– ಬಿಲ್. ಮಾರಾಟಗಾರನ ಹೆಸರು ಮತ್ತು ವಿಳಾಸ ಸಿಗುವುದು ಇದರಲ್ಲೇ.
– ಹಣ ಪಾವತಿಯ ಸಾಕ್ಷಿ: ಯುಪಿಐ ವಹಿವಾಟು ಸಂಖ್ಯೆ ಅಥವಾ ಬ್ಯಾಂಕ್ ಹೇಳಿಕೆಯ ಆ ಪುಟ.
– ಪಾರ್ಸೆಲ್‌ನ ಜಾಡು ಸಂಖ್ಯೆ. ಕೊರಿಯರ್‌ನವರು ಇದನ್ನು ಎಡಬ್ಲ್ಯುಬಿ ಸಂಖ್ಯೆ ಎನ್ನುತ್ತಾರೆ. ಜಾಡು ತೋರಿಸುವ ಪುಟದ ಚಿತ್ರವನ್ನೂ ದಿನಾಂಕ ಕಾಣುವಂತೆ ತೆಗೆಯಿರಿ. ಕೆಲವು ದಿನಗಳ ನಂತರ ಆ ಪುಟ ಅಳಿಯಬಹುದು.
– ಕರೆಪಟ್ಟಿ, ಸಂದೇಶಗಳು, ಆ್ಯಪ್‌ನೊಳಗಿನ ಚಾಟ್.
– ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಆ ಹೊತ್ತಿನ ದೃಶ್ಯ. ಹೊಸ ದೃಶ್ಯ ಹಳೆಯದರ ಮೇಲೆ ಕೂರುವ ಮೊದಲೇ ಪ್ರತಿ ಮಾಡಿಕೊಳ್ಳಿ.

ಖಾಲಿ ಪೆಟ್ಟಿಗೆ ಬಂದಿದ್ದರೆ ಪೆಟ್ಟಿಗೆ, ಟೇಪ್, ಒಳಗಿನ ಕಾಗದ ಯಾವುದನ್ನೂ ಎಸೆಯಬೇಡಿ. ಚೀಟಿಯ ಮೇಲೆ ತೂಕ ಬರೆದಿರುತ್ತದೆ. ಎರಡೂವರೆ ಕಿಲೋ ಎಂದು ಹೊರಟ ಪೆಟ್ಟಿಗೆ ಈಗ ಮುನ್ನೂರು ಗ್ರಾಂ ತೂಗಿದರೆ ಅದಕ್ಕಿಂತ ಬಲವಾದ ಸಾಕ್ಷಿ ಬೇಡ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ಚಿತ್ರ ತೆಗೆಯಿರಿ.

ಹಂತ 3: ಬರಹದಲ್ಲಿ ದೂರು ಕೊಡಿ (48 ಗಂಟೆಯೊಳಗೆ)

ಫೋನ್ ಮಾತು ಗಾಳಿಗೆ ಹೋಗುತ್ತದೆ. ಗ್ರಾಹಕ ಸೇವೆಗೆ ಫೋನ್ ಮಾಡಿದರೂ, ಮಾತು ಮುಗಿದ ಕೂಡಲೇ ಅದನ್ನೇ ಆ್ಯಪ್‌ನ ದೂರು ವಿಭಾಗದಲ್ಲೋ ಇಮೇಲ್‌ನಲ್ಲೋ ಬರೆದು ಕಳಿಸಿ. ಮಾರುಕಟ್ಟೆ ತಾಣಗಳು, ಅಂದರೆ ಬೇರೆ ಮಾರಾಟಗಾರರ ವಸ್ತುಗಳನ್ನು ಮಾರಿಕೊಡುವ ತಾಣಗಳು, ಪ್ರತಿ ದೂರಿಗೂ ಟಿಕೆಟ್ ಸಂಖ್ಯೆ, ಅಂದರೆ ದೂರಿನ ಕ್ರಮಸಂಖ್ಯೆ ಕೊಡಲೇಬೇಕು ಎಂದು ನಿಯಮ ಇದೆ. ಅದನ್ನು ಕೇಳಿ ಪಡೆಯಿರಿ.

ಕೋಪ, ಕಣ್ಣೀರು, ಬೆದರಿಕೆ ಬೇಡ. ಈ ಮಾದರಿ ಸಾಕು:

‘ನಾನು __ ದಿನಾಂಕದಂದು __ ರೂಪಾಯಿ ಪಾವತಿಸಿ __ ವಸ್ತುವನ್ನು ಖರೀದಿಸಿದ್ದೇನೆ. ಆರ್ಡರ್ ಸಂಖ್ಯೆ __. __ ದಿನಾಂಕ __ ಗಂಟೆಗೆ ತಲುಪಿಸಲಾಗಿದೆ ಎಂದು ನಿಮ್ಮ ತಾಣ ತೋರಿಸುತ್ತಿದೆ. ವಸ್ತು ನನಗಾಗಲಿ, ನನ್ನ ಮನೆಯವರಿಗಾಗಲಿ, ನಾನು ಸೂಚಿಸಿದ ಬೇರೆ ಯಾರಿಗಾಗಲಿ ತಲುಪಿಲ್ಲ. ನಾನು ಒಟಿಪಿ ಕೊಟ್ಟಿಲ್ಲ, ಸಹಿ ಮಾಡಿಲ್ಲ. ಯಾರಿಗೆ, ಎಲ್ಲಿ, ಯಾವ ಪುರಾವೆಯ ಮೇಲೆ ತಲುಪಿಸಲಾಯಿತು ಎಂಬ ದಾಖಲೆಯನ್ನು ನನಗೆ ಕಳಿಸಿ. ಪೂರ್ತಿ ಹಣವನ್ನು ನಾನು ಪಾವತಿಸಿದ ಖಾತೆಗೇ ಮರಳಿಸಿ.’

ನಿಮ್ಮ ವಿಷಯದಲ್ಲಿ ನಿಜವಲ್ಲದ ಸಾಲನ್ನು ಹೊಡೆದುಹಾಕಿ.

ಇದರಲ್ಲಿ ಬಲವಿರುವುದು ದಾಖಲೆ ಕೇಳುವ ಸಾಲಿಗೆ. ಡೆಲಿವರಿ ಪುರಾವೆ ಎಂದರೆ ಸಹಿ, ಒಟಿಪಿ ದಾಖಲಾದ ಸಮಯ, ಬಾಗಿಲ ಬಳಿ ತೆಗೆದ ಚಿತ್ರ, ಡೆಲಿವರಿ ಹುಡುಗನ ಮೊಬೈಲ್ ಆ ಹೊತ್ತಿನಲ್ಲಿ ಇದ್ದ ಸ್ಥಳ. ತಲುಪಿಸಿದ್ದೇವೆ ಎನ್ನುವವರು ಅದನ್ನು ತೋರಿಸಬೇಕು. ಬಂದಿಲ್ಲದ ವಸ್ತು ಬಂದಿಲ್ಲ ಎಂದು ನೀವು ಹೇಗೆ ತೋರಿಸುತ್ತೀರಿ? ಚಿತ್ರ ಕಳಿಸಿದರೆ ಚೆನ್ನಾಗಿ ನೋಡಿ. ಬೇರೆ ಯಾರದೋ ಮನೆಯ ಬಾಗಿಲು ಅದರಲ್ಲಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಇಲ್ಲಿ ಜನ ಮಾಡುವ ಎರಡು ತಪ್ಪುಗಳಿವೆ. ಒಂದು, ‘ಈಗ ನಿಮ್ಮ ವಾಲೆಟ್‌ಗೆ ಇಷ್ಟು ಹಾಕುತ್ತೇವೆ’ ಎಂದಾಗ ಒಪ್ಪುವುದು. ವಾಲೆಟ್ ಎಂದರೆ ಅವರ ಅಂಗಡಿಯಲ್ಲಿ ಮಾತ್ರ ನಡೆಯುವ ಹಣ. ಅದನ್ನು ಪೂರ್ತಿ ಇತ್ಯರ್ಥವೆಂದು ಒಪ್ಪಿದರೆ ಮುಂದೆ ಕೇಳುವುದು ಕಷ್ಟ. ಎರಡು, ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಸಂದೇಶ ಬಂದಾಗ ಸುಮ್ಮನಿರುವುದು. ‘ಬಗೆಹರಿದಿಲ್ಲ, ದೂರನ್ನು ಮತ್ತೆ ತೆರೆಯಿರಿ’ ಎಂದು ಅದೇ ದಿನ ಉತ್ತರಿಸಿ.

ಕಂಪನಿಯ ಫೋನ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಲೇಬೇಡಿ. ಅಲ್ಲಿ ಮೊದಲು ಸಿಗುವ ‘ಗ್ರಾಹಕ ಸೇವೆ’ ಸಂಖ್ಯೆ ವಂಚಕರದ್ದಾಗಿರಬಹುದು. ಆ್ಯಪ್‌ನ ಒಳಗಿರುವ ಅಥವಾ ಬಿಲ್ಲಿನ ಮೇಲಿರುವ ಸಂಖ್ಯೆಯನ್ನು ಮಾತ್ರ ಬಳಸಿ. ‘ಮರುಡೆಲಿವರಿಗೆ 5 ರೂಪಾಯಿ ಕಟ್ಟಿ’ ಎಂಬ ಲಿಂಕ್, ಮೊಬೈಲ್ ಪರದೆಯನ್ನು ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂಬ ಸಲಹೆ, ಹಣ ಮರಳಿಸಲು ಯುಪಿಐ ಪಿನ್ ಒತ್ತಿ ಎಂಬ ಮಾತು, ಇವು ಮೂರೂ ಮೋಸ. ಹಣ ಬರುವುದಕ್ಕೆ ಪಿನ್ ಬೇಕಾಗುವುದಿಲ್ಲ.

ಹಂತ 4: ಕುಂದುಕೊರತೆ ಅಧಿಕಾರಿಗೆ ಬರೆಯಿರಿ

ಎರಡು ಮೂರು ದಿನಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕ ಸೇವೆಯ ಜೊತೆ ಮಾತು ನಿಲ್ಲಿಸಿ. ಪ್ರತಿ ಇ-ವಾಣಿಜ್ಯ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕ ವಿವರವನ್ನು ತಾಣದಲ್ಲಿ ಹಾಕಬೇಕು. ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ದೂರು ತಲುಪಿದೆ ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಹಿಂದಿನ ಟಿಕೆಟ್ ಸಂಖ್ಯೆ ಮತ್ತು ದಾಖಲೆಗಳನ್ನು ಲಗತ್ತಿಸಿ ಇಮೇಲ್ ಮಾಡಿ. ಅದರಲ್ಲೇ ಮಾರಾಟಗಾರನ ಪೂರ್ಣ ಹೆಸರು ಮತ್ತು ವಿಳಾಸವನ್ನೂ ಕೇಳಿ. ಕೊಂಡವರು ಬರಹದಲ್ಲಿ ಕೇಳಿದರೆ ಮಾರುಕಟ್ಟೆ ತಾಣ ಅದನ್ನು ಕೊಡಬೇಕು. ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ (ಹಂತ 7) ಹೋಗಬೇಕಾದರೆ ಈ ವಿಳಾಸವಿಲ್ಲದೆ ಕೆಲಸ ನಡೆಯುವುದಿಲ್ಲ.

‘ಮಳೆ, ಗುಡ್ಡ ಕುಸಿತ, ರಸ್ತೆ ಬಂದ್’ ಎಂಬ ಉತ್ತರ ನಮ್ಮ ಜಿಲ್ಲೆಗೆ ಆಗಾಗ ಬರುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿದ್ದನ್ನು, ಆ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದದ್ದನ್ನು ನಾವೇ ಕಂಡಿದ್ದೇವೆ. ಇಂಥ ಕಾರಣದಿಂದ ತಡವಾದರೆ ನಿಯಮಗಳು ಮಾರಾಟಗಾರನಿಗೆ ವಿನಾಯಿತಿ ಕೊಡುತ್ತವೆ, ಅದು ನ್ಯಾಯವೂ ಹೌದು. ಆದರೆ ವಿನಾಯಿತಿ ಇರುವುದು ತಡಕ್ಕೆ. ವಸ್ತುವನ್ನೂ ಕೊಡದೆ ಹಣವನ್ನೂ ಇಟ್ಟುಕೊಳ್ಳಲು ಅದು ಅನುಮತಿಯಲ್ಲ.

ಅಂಚೆ ಇಲಾಖೆಯ ಮೂಲಕ ಬಂದ ಪಾರ್ಸೆಲ್‌ಗೆ ಒಂದು ವ್ಯತ್ಯಾಸವಿದೆ. 2024ರ ಜೂನ್ 18ರಿಂದ ಜಾರಿಯಲ್ಲಿರುವ ಅಂಚೆ ಕಚೇರಿ ಕಾಯ್ದೆ, 2023ರ ಪ್ರಕಾರ ನಿಯಮದಲ್ಲಿ ಹೇಳಿದಷ್ಟನ್ನು ಬಿಟ್ಟರೆ ಇಲಾಖೆಗೆ ಹೊಣೆ ಇಲ್ಲ. ಹಾಗಾಗಿ ಅಂಚೆ ಕಚೇರಿಯಲ್ಲಿ ದೂರು ದಾಖಲಿಸಿ ರಸೀದಿ ಪಡೆಯಿರಿ, ಹಣವನ್ನು ಮಾತ್ರ ಮಾರಿದವರಿಂದಲೇ ಕೇಳಿ.

ಹಂತ 5: ಬ್ಯಾಂಕಿಗೂ ತಿಳಿಸಿ

ಇದಕ್ಕಾಗಿ ಹಂತ 4 ಮುಗಿಯುವವರೆಗೆ ಕಾಯಬೇಡಿ, ಜೊತೆಯಲ್ಲೇ ಮಾಡಿ. ಕಾರ್ಡ್ ಮೂಲಕ ಪಾವತಿಸಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳಬಹುದು. ವಸ್ತು ಸಿಗದಿದ್ದಾಗ ನಿಮ್ಮ ಬ್ಯಾಂಕು ವ್ಯಾಪಾರಿಯ ಬ್ಯಾಂಕಿನಿಂದ ಆ ಹಣವನ್ನು ಮರಳಿ ಕೇಳುವ ಕ್ರಮ ಇದು. ಇದಕ್ಕೆ ಕಾಲಮಿತಿ ಇದೆ, ಆದ್ದರಿಂದ ಬೇಗ ಕೇಳಿ. ಯುಪಿಐ ಆಗಿದ್ದರೆ ಆ್ಯಪ್‌ನಲ್ಲಿ ಆ ವಹಿವಾಟನ್ನು ತೆರೆದು ದೂರು ದಾಖಲಿಸಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕ್ ದೂರುಗಳನ್ನು ಉಚಿತವಾಗಿ ವಿಚಾರಿಸುವ ಅಧಿಕಾರಿಗೆ ಬರೆಯಬಹುದು.

ಕಂತಿನಲ್ಲಿ ಕೊಂಡಿದ್ದರೆ, ‘ವಸ್ತುವೇ ಬಂದಿಲ್ಲ, ಕಂತು ಏಕೆ ಕಟ್ಟಲಿ’ ಎಂದು ನಿಲ್ಲಿಸಬೇಡಿ. ಸಾಲ ಕೊಟ್ಟ ಸಂಸ್ಥೆ ಬೇರೆ, ಮಾರಿದವರು ಬೇರೆ. ಕಂತು ತಪ್ಪಿದರೆ ನಿಮ್ಮ ಸಾಲದ ಅಂಕ ಕೆಡುತ್ತದೆ, ನಾಳೆ ಬೆಳೆಸಾಲ ಕೇಳುವಾಗ ಅದು ಅಡ್ಡ ಬರುತ್ತದೆ. ವಿವಾದ ಇದೆ ಎಂದು ಸಾಲದ ಸಂಸ್ಥೆಗೂ ಬರೆದು ತಿಳಿಸಿ, ಕಂತು ಕಟ್ಟುತ್ತಿರಿ, ಕಟ್ಟಿದ್ದೆಲ್ಲವನ್ನೂ ಮುಂದೆ ಪರಿಹಾರದಲ್ಲಿ ಕೇಳಿ.

ಹಂತ 6: 1915ಕ್ಕೆ ಕರೆ ಮಾಡಿ

ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು. 8800001915 ಸಂಖ್ಯೆಗೆ ವಾಟ್ಸ್‌ಆ್ಯಪ್ ಮಾಡಬಹುದು, ಜಾಲತಾಣದಲ್ಲೂ ದೂರು ತುಂಬಬಹುದು. ಅವರು ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆದರೂ ದೊಡ್ಡ ಕಂಪನಿಗಳ ವಿಷಯದಲ್ಲಿ ಇದನ್ನು ಬಿಟ್ಟು ಮುಂದೆ ಹೋಗಬೇಡಿ ಎಂದೇ ನನ್ನ ಸಲಹೆ. ಎಂಟುನೂರು ರೂಪಾಯಿಯ ವಸ್ತುವಿಗೆ ಆಯೋಗದವರೆಗೆ ಹೋಗುವ ಬದಲು ಇಲ್ಲಿಯೇ ಮುಗಿದರೆ ಒಳ್ಳೆಯದು.

ಹಂತ 7: ಕಾರವಾರದ ಜಿಲ್ಲಾ ಆಯೋಗ

ಇಷ್ಟಾದರೂ ಹಣ ಬರದಿದ್ದರೆ ಮುಂದಿನದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಉತ್ತರ ಕನ್ನಡದ ಆಯೋಗ ಕಾರವಾರದಲ್ಲಿದೆ.

‘ನಮ್ಮೊಂದಿಗಿನ ವ್ಯಾಜ್ಯ ಇಂಥ ಊರಿನಲ್ಲಿ ಮಾತ್ರ’ ಎಂದು ಕಂಪನಿಗಳು ತಮ್ಮ ಷರತ್ತಿನಲ್ಲಿ ಬರೆದಿರುತ್ತವೆ. ಅದನ್ನು ಓದಿ ಹಿಂಜರಿಯಬೇಡಿ. 2019ರ ಕಾಯ್ದೆಯ 34ನೇ ಕಲಮು, ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು ಎನ್ನುತ್ತದೆ. ಹಿಂದಿನ ಕಾಯ್ದೆಯಲ್ಲಿ ಈ ಸೌಲಭ್ಯ ಇರಲಿಲ್ಲ. ನಮ್ಮಂಥ ಜಿಲ್ಲೆಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಜೊಯಿಡಾದ ಗ್ರಾಹಕ ಗುರುಗ್ರಾಮದ ಕಂಪನಿಯನ್ನು ಕಾರವಾರಕ್ಕೆ ಕರೆಸಬಹುದು.

ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ವಕೀಲರು ಕಡ್ಡಾಯವಲ್ಲ.

ಮೊದಲು ಒಂದು ನೋಟಿಸ್ ಕಳಿಸಿ. ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲ, ಆದರೂ ಕಳಿಸುವುದು ಒಳ್ಳೆಯದು. 15 ದಿನದ ಗಡುವು ಕೊಟ್ಟು, ಕಂಪನಿಗೂ ಮಾರಾಟಗಾರನಿಗೂ ಬೇರೆಬೇರೆಯಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ. ಹಿಂದಿನ ನೋಂದಾಯಿತ ಅಂಚೆ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನವಾಗಿದೆ.

ಗಡುವು ಕಳೆದ ಮೇಲೆ ದೂರು. ಅದರಲ್ಲಿ ಇರಬೇಕಾದವು: ನಿಮ್ಮ ಮತ್ತು ಎದುರುದಾರರ ಹೆಸರು, ವಿಳಾಸ, ದಿನಾಂಕವಾರು ಘಟನೆಗಳು, ನೀವು ಕೇಳುವ ಪರಿಹಾರ, ದಾಖಲೆಗಳ ಪಟ್ಟಿ ಮತ್ತು ಪ್ರತಿಗಳು, ಬರೆದದ್ದೆಲ್ಲ ನಿಜವೆಂದು ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ. ಮೊಬೈಲ್ ಚಿತ್ರಗಳನ್ನು ಸಾಕ್ಷಿಯಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರವನ್ನೂ ಜೋಡಿಸಿ. ಈ ಚಿತ್ರ ಯಾವ ಸಾಧನದಿಂದ, ಹೇಗೆ ಬಂತು ಎಂದು ಹೇಳುವ ಕಾಗದ ಅದು. ಅದಿದ್ದರೆ ‘ಈ ಚಿತ್ರ ತಿದ್ದಿದ್ದು’ ಎಂಬ ತಕರಾರಿಗೆ ಆಸ್ಪದ ಕಡಿಮೆ.

ಎದುರುದಾರರಾಗಿ ತಾಣ, ಮಾರಾಟಗಾರ, ಸಾಗಣೆ ಸಂಸ್ಥೆ ಮೂವರನ್ನೂ ಸೇರಿಸಿ. ಹಣ ಕೇಳುವುದು ಮೊದಲಿನ ಇಬ್ಬರನ್ನೇ ಆದರೂ, ಮೂರನೆಯವರು ಇಲ್ಲದಿದ್ದರೆ ‘ತಪ್ಪು ಅವರದು, ಅವರು ಇಲ್ಲಿಲ್ಲ’ ಎಂದು ಇಬ್ಬರೂ ಇಲ್ಲದವನ ಕಡೆ ಬೆರಳು ತೋರಿಸುತ್ತಾರೆ.

ಪರಿಹಾರ ಕೇಳುವಾಗ ಅಳತೆ ಇರಲಿ. ವಸ್ತುವಿನ ಬೆಲೆ, ಅದರ ಮೇಲೆ ಬಡ್ಡಿ, ಓಡಾಟದ ಖರ್ಚು, ಅನುಭವಿಸಿದ ತೊಂದರೆಗೆ ಒಂದು ಸಮಂಜಸ ಮೊತ್ತ. ಸಾವಿರದ ಇನ್ನೂರರ ಚಪ್ಪಲಿಗೆ ಐದು ಲಕ್ಷ ಕೇಳಿದರೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ.

ಭಟ್ಕಳ, ಮುಂಡಗೋಡ, ಹಳಿಯಾಳದವರಿಗೆ ಕಾರವಾರ ಒಂದು ದಿನದ ಪ್ರಯಾಣ. ದೂರನ್ನು ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. 2020ರಲ್ಲಿ ಬಂದ ಇ-ದಾಖಿಲ್ ವ್ಯವಸ್ಥೆಯ ನಂತರ 2025ರ ಆರಂಭದಲ್ಲಿ ಬಂದದ್ದು ಇದು. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಕೊಡುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ದೂರು ಬರೆಯುವುದೇ ಕಷ್ಟವೆನಿಸಿದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಉಚಿತ ವಕೀಲರ ನೆರವಿಗೆ ಅರ್ಹರು.

ಆಯೋಗದ ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನಗಳಲ್ಲಿ ಉತ್ತರ ಸಲ್ಲಿಸಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಪ್ರಯೋಗಾಲಯದ ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ನೋಟಿಸ್ ಹೋದ ಮೇಲೆ ರಾಜಿಗೆ ಕರೆ ಬಂದರೆ ಕೂಡಲೇ ತಳ್ಳಿಹಾಕಬೇಡಿ, ಒಪ್ಪುವುದಾದರೆ ಬರಹದಲ್ಲಿ ಪಡೆದು, ಹಣ ಖಾತೆಗೆ ಬಂದ ಮೇಲೆಯೇ ದೂರು ಹಿಂತೆಗೆಯಿರಿ.

ಪೊಲೀಸರ ಬಳಿ ಹೋಗಬೇಕಾದದ್ದು ಯಾವಾಗ?

ಪಾರ್ಸೆಲ್ ಕಳೆದುಹೋದದ್ದು ಸಾಮಾನ್ಯವಾಗಿ ಗ್ರಾಹಕ ವ್ಯಾಜ್ಯ, ಅಪರಾಧವಲ್ಲ. ಮಾರಾಟಗಾರನೇ ನಕಲಿಯಾಗಿದ್ದರೆ, ಇನ್‌ಸ್ಟಾಗ್ರಾಂ ಪುಟ ನೋಡಿ ಮುಂಗಡ ಕಳಿಸಿದ ಮೇಲೆ ಪುಟವೇ ಮಾಯವಾದರೆ, ಅಥವಾ ಮೇಲೆ ಹೇಳಿದಂಥ ಲಿಂಕ್ ಒತ್ತಿ ಹಣ ಹೋದರೆ ಅದು ವಂಚನೆ. ಆಗ ಕಂಪನಿ, ಸಹಾಯವಾಣಿ ಎಂದು ಅಲೆಯದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ಅಪರಾಧದ ಸಹಾಯವಾಣಿ. ವಂಚಕನ ಖಾತೆಯಿಂದ ಹಣ ಮುಂದೆ ಹರಿಯುವ ಮೊದಲು ತಡೆಯಲು ಕೆಲವೇ ಗಂಟೆಗಳ ಅವಕಾಶ ಇರುತ್ತದೆ. 1915 ಮತ್ತು 1930, ಎರಡು ಸಂಖ್ಯೆಗಳನ್ನೂ ಮೊಬೈಲಿನಲ್ಲಿ ಹೆಸರು ಹಾಕಿ ಉಳಿಸಿಕೊಳ್ಳಿ. ಗಾಬರಿಯಲ್ಲಿ ಅದಲುಬದಲಾಗುತ್ತವೆ.

ಆದೇಶ ಬಂದ ಮೇಲೆ

ಆಯೋಗದ ಆದೇಶ ನಿಮ್ಮ ಪರವಾಗಿ ಬಂದರೆ ಅದರಲ್ಲಿ ಹಣ ಕೊಡಬೇಕಾದ ಗಡುವು ಇರುತ್ತದೆ. ಒಪ್ಪದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಮೇಲ್ಮನವಿ ಹಾಕುವ ಕಂಪನಿ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು, ಆದ್ದರಿಂದ ಸಣ್ಣ ಮೊತ್ತಕ್ಕೆ ಮೇಲ್ಮನವಿಯ ಭಯ ಬೇಡ.

ಗಡುವು ಮುಗಿದರೂ ಹಣ ಬಾರದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. 71ನೇ ಕಲಮಿನಡಿ ಆಯೋಗ ತನ್ನ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿ ಮಾಡಬಲ್ಲದು. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದೇಶದ ದೃಢೀಕೃತ ಪ್ರತಿಯನ್ನು ಪಡೆದು, ನಿಮ್ಮ ಬ್ಯಾಂಕ್ ಖಾತೆಯ ವಿವರದೊಂದಿಗೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಅದೇ ವಾರ ಕಳಿಸಿಬಿಡಿ. ‘ಯಾವ ಖಾತೆಗೆ ಹಾಕಬೇಕು ಎಂದು ತಿಳಿಯಲಿಲ್ಲ’ ಎಂಬ ಕಾರಣಕ್ಕೆ ಇನ್ನೊಂದು ತಿಂಗಳು ಕಾಯಬೇಕಾಗುವುದಿಲ್ಲ.